ಅಜ್ಜಿಗೋಡೆಗೆ ಒರಗಿದವನು

ಐಸ್ ಕಾರ್ಖಾನೆಯಲ್ಲಿ ದುಡಿಯುವವರು ಒಬ್ಬರ ಕೈ ಒಬ್ಬರು ಹಿಡಿಯುವುದು ಕಡಿಮೆ. ಹಿಡಿದವನಿಗೂ ಚಳಿ, ಹಿಡಿಸಿಕೊಂಡವನಿಗೂ ಚಳಿ, ಲಾಭ ಯಾರಿಗೂ ಇಲ್ಲ. ಮನೆಗೆ ಹೋಗಿ ಮಗುವಿನ ಕೆನ್ನೆ ಮುಟ್ಟಿದರೆ ಮಗು ಕಿರುಚುತ್ತದೆ, ಹೆಂಡತಿಯ ಬೆನ್ನು ಮುಟ್ಟಿದರೆ ಹೆಂಡತಿ ಬಯ್ಯುತ್ತಾಳೆ. ಮದುವೆಯಾದ ಹೊಸದರಲ್ಲಿ ಮೇಸ್ತ್ರಿಯ ಹೆಂಡತಿ, "ಮೊದಲು ಒಲೆ ಹತ್ರ ಹೋಗಿ, ಆಮೇಲೆ ನನ್ನ ಹತ್ರ ಬನ್ನಿ" ಎಂದಿದ್ದಳಂತೆ. ಈ ಗುಟ್ಟನ್ನು ಕಾರ್ಖಾನೆಗೆಲ್ಲ ಡಂಗುರ ಸಾರಿದವನು ಬೇರೆ ಯಾರೂ ಅಲ್ಲ, ಅವಳ ಖಾಸಾ ತಮ್ಮ.

ಆ ತಮ್ಮನ ಕತೆ ಇದು. ಅಲ್ಲ, ಸರಿಯಾಗಿ ಹೇಳಬೇಕೆಂದರೆ ಆ ತಮ್ಮನ ಭಾವನ ಕತೆ. ತಮ್ಮನದು ಒಂದು ಮಧ್ಯಾಹ್ನದಲ್ಲೇ ಮುಗಿದುಹೋಯಿತು. ಭಾವನದು ಇನ್ನೂ ಮುಗಿದಿಲ್ಲ.

ಕಾರ್ಖಾನೆಯಲ್ಲಿ ಆ ತಮ್ಮನಿಗೆ ಪಟಾಕಿ ಎಂದೇ ಹೆಸರು. ಬಾಯಿ ತೆರೆದರೆ ಸದ್ದು, ಮುಚ್ಚಿದರೆ ಹೊಗೆ. ತಾಯಿ ಸತ್ತಾಗ ಇನ್ನೂ ನಡೆಯಲು ಬಾರದಿದ್ದ ಅವನನ್ನು ಅಕ್ಕನೇ ಸೊಂಟದ ಮೇಲೆ ಹೊತ್ತು ಬೆಳೆಸಿದ್ದಳು. ಹೀಗಾಗಿ ಮೇಸ್ತ್ರಿಗೆ ಹೆಂಡತಿಯ ಜೊತೆಗೆ ಬಾಮೈದನೂ ಪುಕ್ಕಟೆಯಾಗಿ ಸಿಕ್ಕಿದ. "ಅವನನ್ನ ಎಲ್ಲೆಲ್ಲೋ ಕಳಿಸ್ಬೇಡಿ, ನಿಮ್ಮ ಕಣ್ಣೆದುರಿಗೇ ಇರ್ಲಿ" ಎಂದು ಅವಳು ಕೂತರೂ ನಿಂತರೂ ಕಿವಿ ಕೊರೆದು, ಕೊನೆಗೆ ಅವನನ್ನು ಐಸ್ ಕಾರ್ಖಾನೆಗೇ ಸೇರಿಸುವಂತೆ ಮಾಡಿದಳು. ಮೇಸ್ತ್ರಿ ಬಯ್ಯುತ್ತಲೇ ಒಪ್ಪಿದ. ಕೋಪವನ್ನು ಮೂಗಿನ ತುದಿಯಲ್ಲೇ ಇಟ್ಟುಕೊಂಡು ಓಡಾಡುವ ಮನುಷ್ಯ ಅವನು. ಆದರೆ ಬಾಮೈದನ ಮೇಲಿನ ಕೋಪ ಮಾತ್ರ ಒಂದು ಲೋಟ ಟೀ ಆರುವಷ್ಟು ಹೊತ್ತೂ ನಿಲ್ಲುತ್ತಿರಲಿಲ್ಲ.

ಪಟಾಕಿ ದುಡಿಯುವುದರಲ್ಲಿ ಸೋಮಾರಿಯೇನಲ್ಲ, ಆದರೆ ನಾಟಕಕ್ಕೆ ಎತ್ತಿದ ಕೈ. ಒಮ್ಮೆ ಹಲ್ಲುನೋವೆಂದು ಅರ್ಧ ದಿನ ಕೆನ್ನೆ ಹಿಡಿದು ಕೂತಿದ್ದವನು ಊಟದ ಗಂಟೆ ಹೊಡೆದ ಕೂಡಲೇ ಎರಡು ಡಬ್ಬಿ ಖಾಲಿ ಮಾಡಿದ್ದ. ಇನ್ನೊಮ್ಮೆ ನೆಲದ ಮೇಲೆ ಧೊಪ್ಪನೆ ಬಿದ್ದು ಕಣ್ಣು ಮೇಲೆ ಮಾಡಿ, ಎಲ್ಲರೂ ಅಯ್ಯೋ ಅಪ್ಪಾ ಎಂದು ಓಡಿಬಂದ ಮೇಲೆ, "ಎಲ್ಲರೂ ಬಂದ್ರಾ? ಹಾಗಿದ್ರೆ ಟೀ ತರ್ಸಿ" ಎಂದು ಎದ್ದು ಕೂತಿದ್ದ. ಹುಲಿ ಬಂತು ಹುಲಿ ಎಂದು ಕೂಗಿದವನ ಕತೆ ಯಾರಿಗೆ ಗೊತ್ತಿಲ್ಲ ಹೇಳಿ. ಆದರೆ ಆ ಕತೆ ಹೇಳುವವರು ತಪ್ಪನ್ನೆಲ್ಲ ಕೂಗಿದವನ ತಲೆಗೆ ಕಟ್ಟುತ್ತಾರೆ. ಕೂಗು ಕೇಳಿಯೂ ತಲೆಯೆತ್ತದೆ ಕೆಲಸ ಮಾಡುತ್ತಿದ್ದವರನ್ನು ಯಾರೂ ಒಂದು ಮಾತು ಕೇಳುವುದಿಲ್ಲ.

ಈಗ ಆ ಗೋಡೆಯ ವಿಷಯ ಹೇಳಬೇಕು. ಕಾರ್ಖಾನೆಯ ಒಂದು ತುದಿಗೆ ದೊಡ್ಡ ಉಪ್ಪುನೀರಿನ ತೊಟ್ಟಿ. ಅದರೊಳಗೆ ಸಾಲಾಗಿ ಇಳಿಬಿಟ್ಟ ತಗಡಿನ ಡಬ್ಬಗಳಲ್ಲಿ ನೀರು ಗಡ್ಡೆ ಕಟ್ಟುತ್ತದೆ. ಡಬ್ಬವನ್ನು ಮೇಲೆತ್ತಿ ಮಗುಚಿದರೆ ಆಳೆತ್ತರದ ಮಂಜಿನ ಗಡ್ಡೆ ಜಾರಿ ಹೊರಬರುತ್ತದೆ. ಅದನ್ನು ಕೊಕ್ಕೆ ಹಾಕಿ ಒದ್ದೆ ನೆಲದ ಮೇಲೆ ಎಳೆದು, ಇಳಿಜಾರು ಹಲಗೆಯ ಮೇಲಿಂದ ವ್ಯಾನಿಗೆ ಬಿಡುವುದು ಕೆಲಸ. ಇನ್ನೊಂದು ತುದಿಗೆ ಯಂತ್ರದ ಕೋಣೆ. ಅಲ್ಲಿಂದ ಹೊರಡುವ ಬಿಸಿ ಕೊಳವೆಗಳು ಗೋಡೆಗೆ ತಾಗಿಕೊಂಡೇ ಹೋಗುವುದರಿಂದ ಆ ಗೋಡೆ ಸದಾ ಬೆಚ್ಚಗೆ. ಅದಕ್ಕೆ ಅಜ್ಜಿಗೋಡೆ ಎಂದು ಹೆಸರಿಟ್ಟವರು ಯಾರೋ, ಯಾವ ಕಾಲದವರೋ. ಗೋಡೆಯ ಬುಡದಲ್ಲಿ ಒಂದು ಬೆಂಚು, ಬೆಂಚಿನ ಮೇಲೆ ಹಳೆಯ ಕಂಬಳಿಗಳು. ಯಾರಿಗೇ ಮೈ ಮರಗಟ್ಟಲಿ, ತುಟಿ ನೀಲಿಗಟ್ಟಲಿ, ಹಲ್ಲು ಕಟಕಟ ಎನ್ನಲಿ, ಎಲ್ಲಕ್ಕೂ ಒಂದೇ ಮದ್ದು. ಅಜ್ಜಿಗೋಡೆಗೆ ಒರಗಿಸು, ಕಂಬಳಿ ಹೊದಿಸು, ಬಿಸಿ ಟೀ ಕುಡಿಸು. ಸ್ವಲ್ಪ ಹೊತ್ತಿಗೆ ಕೆನ್ನೆಗೆ ಬಣ್ಣ ಬಂದು, ಮೇಸ್ತ್ರಿಗೆ ನಾಲ್ಕು ಬೈಗುಳ ಒಪ್ಪಿಸಿ, ಮನುಷ್ಯ ಮತ್ತೆ ಕೊಕ್ಕೆ ಹಿಡಿಯುತ್ತಿದ್ದ. ಆ ಕಾರ್ಖಾನೆಯಲ್ಲಿ ಯಾರೂ ಆಸ್ಪತ್ರೆಗೆ ಹೋದದ್ದೇ ಇಲ್ಲ ಎಂದು ಮೇಸ್ತ್ರಿ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ.

ಆ ದಿನ ಬೆಳಿಗ್ಗೆಯೆಲ್ಲ ಕರೆಂಟು ಕೈಕೊಟ್ಟು, ಕೆಲಸ ತಡವಾಗಿ, ವ್ಯಾನುಗಳು ಬೀದಿಯ ತಿರುವಿನವರೆಗೂ ನಿಂತು ಹಾರನ್ ಹೊಡೆಯುತ್ತಿದ್ದವು. ಮೇಸ್ತ್ರಿಯ ತಲೆ ಕೆಟ್ಟು ಮೊಸರಾಗಿತ್ತು. ಎರಡರ ಬದಲು ಮೂರು ಗಡ್ಡೆಗಳನ್ನು ಹಲಗೆಯ ತುದಿಯಲ್ಲಿ ಒಟ್ಟಲು ಹೇಳಿದವನು ಅವನೇ. ಮೇಲಿನದು ಜಾರಿತು. ಪಟಾಕಿ ಪಕ್ಕಕ್ಕೆ ಹಾರಿದ, ಆದರೆ ಪೂರ್ತಿ ಹಾರಲಾಗಲಿಲ್ಲ. ಗಡ್ಡೆ ಅವನ ಎಡಪಕ್ಕೆಗೆ ಬಡಿದು, ಅವನನ್ನು ಕಂಬಕ್ಕೆ ಒತ್ತಿ, ಆಮೇಲೆ ನೆಲಕ್ಕೆ ಬಿದ್ದು ಚೂರಾಯಿತು.

ಎಲ್ಲರೂ ಕೊಕ್ಕೆ ಬಿಸಾಕಿ ಓಡಿಬಂದರು. ಪಟಾಕಿ ಕಂಬ ಹಿಡಿದು ಒಂದು ಗಳಿಗೆ ಬಾಗಿದ್ದವನು ನಿಧಾನಕ್ಕೆ ನೆಟ್ಟಗಾದ. ಅಂಗಿ ಎತ್ತಿ ನೋಡಿದರು. ಒಂದು ಹನಿ ರಕ್ತವಿಲ್ಲ, ಅಂಗೈಯಗಲ ಕೆಂಪು, ಅಷ್ಟೇ.

"ಗಡ್ಡೆಗೇನಾಯ್ತು ನೋಡಿ ಮೊದಲು" ಎಂದ ಪಟಾಕಿ. "ಪಾಪ, ನನಗೆ ಬಡಿದು ಪುಡಿಪುಡಿ ಆಗಿದೆ."

ಎಲ್ಲರೂ ನಕ್ಕರು. ಮೇಸ್ತ್ರಿಗೆ ಹೋದ ಜೀವ ಬಂದಂತಾಯಿತು. ಬಂದ ಕೂಡಲೇ ಬಯ್ಯಲು ಶುರುಮಾಡಿದ. "ಕಣ್ಣೇನು ಹಣೆ ಮೇಲಿತ್ತೇನೋ? ನಿನ್ನ ಅಕ್ಕನಿಗೆ ನಾನೇನು ಉತ್ತರ ಕೊಡ್ಬೇಕಿತ್ತು?"

"ಅವಳಿಗೆ ಉತ್ತರ ಕೊಟ್ಟವರು ಯಾರಿದಾರೆ ಭಾವ, ನೀನು ಕೊಡೋಕೆ" ಎಂದು ಪಟಾಕಿ ಮತ್ತೆ ಕೊಕ್ಕೆ ಎತ್ತಿಕೊಂಡ.

ಇನ್ನೊಂದು ವ್ಯಾನು ತುಂಬುವ ಹೊತ್ತಿಗೆ ಅವನು ಕೊಕ್ಕೆ ಕೆಳಗಿಟ್ಟು, ಎಡ ಹೆಗಲು ಹಿಡಿದುಕೊಂಡ. "ಪೆಟ್ಟು ಬಿದ್ದದ್ದು ಪಕ್ಕೆಗೆ, ನೋಯ್ತಿರೋದು ಹೆಗಲು. ಇದ್ಯಾವ ನ್ಯಾಯ ಭಾವ?" ಎಂದ. ಮುಖ ಬಿಳಿಚಿಕೊಂಡಿತ್ತು. ಆದರೆ ಆ ಟ್ಯೂಬ್‌ಲೈಟಿನ ಕೆಳಗೆ ಯಾರ ಮುಖ ತಾನೇ ಕೆಂಪಗಿರುತ್ತದೆ. ಮೇಸ್ತ್ರಿ ಅವನ ಕೈ ಹಿಡಿದು ಅಜ್ಜಿಗೋಡೆಯ ಹತ್ತಿರ ಕರೆದುಕೊಂಡು ಹೋದ. ಕೈ ತಣ್ಣಗಿತ್ತು, ಒದ್ದೆಯಾಗಿತ್ತು. ಅಲ್ಲಿ ಯಾರ ಕೈ ಹಿಡಿದಿದ್ದರೂ ಹಾಗೇ ಇರುತ್ತಿತ್ತು. ಬೆಂಚಿನ ಮೇಲೆ ಕೂರಿಸಿ, ಎರಡು ಕಂಬಳಿ ಹೊದಿಸಿ, ಬಿಸಿ ಟೀ ಪಕ್ಕದಲ್ಲಿಟ್ಟು, "ಬೆಚ್ಚಗಾದ ಕೂಡ್ಲೇ ಎದ್ದು ಬಾ, ಮಹಾರಾಜರ ಹಾಗೆ ಮಲಗ್ಬೇಡ" ಎಂದು ಹೇಳಿ ವ್ಯಾನಿನ ಕಡೆಗೆ ಓಡಿದ.

ಮತ್ತೆ ಬಂದಾಗ ಟೀ ಹಾಗೇ ಇತ್ತು. ಪಟಾಕಿ ಕೂತಲ್ಲಿ ಕೂರಲಾರದೆ ಕಂಬಳಿ ಒದೆಯುತ್ತ, ಮಗ್ಗುಲು ಬದಲಿಸುತ್ತ, "ನೀರು ಕೊಡು ಭಾವ, ಬಾಯೆಲ್ಲ ಒಣಗ್ತಿದೆ" ಎನ್ನುತ್ತಿದ್ದ. ನೀರು ಕೊಟ್ಟರೆ ಇನ್ನಷ್ಟು ತಣ್ಣಗಾಗುತ್ತಾನೆಂದು ಮೇಸ್ತ್ರಿ ಟೀಯನ್ನೇ ಮುಂದೆ ಹಿಡಿದ. ಅವನಿಗೆ ಬೇಡವಾಯಿತು. ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು. ಮೇಸ್ತ್ರಿ ಇನ್ನೊಮ್ಮೆ ಕೈ ಮುಟ್ಟಿ ನೋಡಿದ. ತಣ್ಣಗಿತ್ತು. ಮೊದಲಿಗಿಂತ ಹೆಚ್ಚು ತಣ್ಣಗಿತ್ತು.

ಅಜ್ಜಿಗೋಡೆಗೆ ಒರಗಿದವನ ಕೈ ಅಷ್ಟು ಹೊತ್ತಿಗೆ ಬೆಚ್ಚಗಾಗಿರಬೇಕು. ಇದು ಮೇಸ್ತ್ರಿಗೆ ಗೊತ್ತಿತ್ತು. ಅವನಿಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತಿರಬೇಕು? ಎಷ್ಟು ಜನರನ್ನು ಅವನೇ ಅಲ್ಲಿ ಕೂರಿಸಿ ಎಬ್ಬಿಸಿಲ್ಲ! ಮನಸ್ಸಿನೊಳಗೆ ಏನೋ ಒಂದು ಚುಳ್ಳೆಂದಿತು. ಆದರೆ ಹೊರಗೆ ಹಾರನ್ನು, ತಲೆಯಲ್ಲಿ ಬೆಳಗಿನ ಕರೆಂಟಿನ ಕಾಟ. ಅವನಿಗೆ ಹೊಳೆದದ್ದು ಒಂದೇ, ಇವತ್ತು ಯಂತ್ರ ನಿಂತು ನಿಂತು ಓಡಿದೆಯಲ್ಲ, ಗೋಡೆ ಸರಿಯಾಗಿ ಕಾದಿಲ್ಲ. ಯಂತ್ರದ ಕೋಣೆಯ ಬಾಗಿಲಲ್ಲಿ ನಿಂತು ಆಪರೇಟರನ ಮೇಲೆ ಹರಿಹಾಯ್ದ. "ಏನಯ್ಯಾ, ಗೋಡೆ ಬಿಸೀನೇ ಇಲ್ಲ ಇವತ್ತು!"

ಆಪರೇಟರ್ ಎಣ್ಣೆ ಕೈ ಒರೆಸಿಕೊಳ್ಳುತ್ತ, "ಮೊಟ್ಟೆ ಇಟ್ರೆ ಬೇಯತ್ತೆ ಮೇಸ್ತ್ರಿ. ಕೈಯಿಟ್ಟು ನೋಡಿ ಬೇಕಾದ್ರೆ" ಎಂದ.

ಮೇಸ್ತ್ರಿ ಕೈಯಿಟ್ಟು ನೋಡಲಿಲ್ಲ. ಗೋಡೆ ಒಂದು ಮಾರು ದೂರದಲ್ಲಿತ್ತು. ಕೈ ಚಾಚಿ, ಮುಟ್ಟಿ, ಅದು ಸುಡುವುದನ್ನು ನೋಡಿ, ಹಾಗಾದರೆ ಇವನ ಕೈ ಏಕೆ ತಣ್ಣಗಿದೆ ಎಂದು ಒಂದು ಸಲ ಕೇಳಿಕೊಂಡಿದ್ದರೆ ಸಾಕಿತ್ತು. ಈಗ ಅವನು ದಿನವೂ ಅದನ್ನು ಮುಟ್ಟುತ್ತಾನೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಅವನು ಹೊರಡಲು ತಿರುಗಿದಾಗ ಪಟಾಕಿ ಅಂಗಿಯ ತೋಳು ಹಿಡಿದ.

"ಭಾವ, ನನಗ್ಯಾಕೋ ಹೆದರಿಕೆ ಆಗ್ತಿದೆ."

ಹಾವು ಹಿಡಿದು ಜೇಬಿಗೆ ಹಾಕಿಕೊಳ್ಳುವಂಥ ಆಸಾಮಿ ಹೀಗೆನ್ನುವುದೇ? ಮೇಸ್ತ್ರಿಗೆ ನಗು ಬಂತು, ಗಟ್ಟಿಯಾಗಿಯೇ ನಕ್ಕ. "ನಿನಗೆ ಹೆದರಿಕೆಯಾ? ನಿನ್ನ ಕಂಡ್ರೆ ಹೆದರಿಕೇನೇ ಹೆದರಿ ಓಡತ್ತೆ. ಸುಮ್ನೆ ಮಲ್ಕೋ, ಆಡಿದ ನಾಟಕ ಸಾಕು." ತೋಳು ಬಿಡಿಸಿಕೊಂಡು ಹೋದ.

ಮೂರನೆಯ ಸಲ ಬಂದಾಗ ಪಟಾಕಿ ಶಾಂತನಾಗಿದ್ದ. ಒದೆತವಿಲ್ಲ, ಹೊರಳಾಟವಿಲ್ಲ, ನೀರು ಕೇಳಲಿಲ್ಲ. "ಈಗ ಹೇಗಿದೆಯೋ?" ಎಂದರೆ "ಹೂಂ ಭಾವ" ಎಂದ. "ನೋವಿದ್ಯಾ?" ಎಂದರೂ "ಹೂಂ ಭಾವ". ಅಬ್ಬ, ಕೊನೆಗೂ ನೆಮ್ಮದಿಯಾಗಿ ಮಲಗಿದನಲ್ಲ ಎಂದುಕೊಂಡ ಮೇಸ್ತ್ರಿ, ಜಾರಿದ ಕಂಬಳಿಯನ್ನು ಎಳೆದು ಕತ್ತಿನವರೆಗೆ ಹೊದಿಸಿದ. ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರೆ. ಪಟಾಕಿಯ ಬಾಯಲ್ಲಿ ಆ ಬಂಗಾರ ಯಾರೂ ಕಂಡಿರಲಿಲ್ಲ, ಕಂಡಾಗಲಾದರೂ ಎದೆ ಧಸಕ್ಕೆನ್ನಬೇಕಿತ್ತು. ಮೇಸ್ತ್ರಿಗೆ ಸಮಾಧಾನವಾಯಿತು, ಅಷ್ಟೇ.

ಕೊನೆಯ ವ್ಯಾನಿನ ಸರದಿಯಲ್ಲಿ ಆಪರೇಟರ್ ಓಡಿಬಂದ. "ಮೇಸ್ತ್ರಿ, ಪಟಾಕಿ ಎಬ್ಬಿಸಿದ್ರೆ ಏಳ್ತಿಲ್ಲ."

"ನಾಟಕ ಕಣಯ್ಯ" ಎಂದ ಮೇಸ್ತ್ರಿ. ಹಾಗೆನ್ನುತ್ತಲೇ ಅವನ ಕಾಲುಗಳು ಓಡುತ್ತಿದ್ದವು.

ತುಂಬಿಟ್ಟ ಗಡ್ಡೆಗಳನ್ನೆಲ್ಲ ಬೀದಿಗೆ ತಳ್ಳಿ, ಅದೇ ವ್ಯಾನಿನಲ್ಲಿ ಅವನನ್ನು ಮಲಗಿಸಿಕೊಂಡು ಹೊರಟರು. ಬಾಮೈದನ ತಲೆ ಮೇಸ್ತ್ರಿಯ ತೊಡೆಯ ಮೇಲೆ. ಉಸಿರು ನಾಯಿ ತೇಕಿದಂತೆ ಚಿಕ್ಕಚಿಕ್ಕದಾಗಿ ಓಡುತ್ತಿತ್ತು. ಮೇಸ್ತ್ರಿ ನಾಡಿ ಹುಡುಕಿದ, ಸಿಗಲಿಲ್ಲ. ತನ್ನ ಬೆರಳೇ ಮರಗಟ್ಟಿರಬೇಕೆಂದು ಬಾಯಿಂದ ಊದಿ ಬಿಸಿ ಮಾಡಿಕೊಂಡು ಮತ್ತೆ ಹುಡುಕಿದ. ಆಗ ಸಿಕ್ಕಿತು, ದಾರದ ಹಾಗೆ, ಎಣಿಸಲಾಗದಷ್ಟು ವೇಗವಾಗಿ. "ಏಯ್, ಬಯ್ಯೋ ನನ್ನ. ಒಂದು ಸಲ ಬಯ್ಯೋ" ಎಂದು ದಾರಿಯುದ್ದಕ್ಕೂ ಗೋಗರೆದ. ತುಟಿ ಅಲುಗಿದಂತಾಯಿತು. ಏನೆಂದನೋ ವ್ಯಾನಿನ ಸದ್ದಿನಲ್ಲಿ ಕೇಳಿಸಲಿಲ್ಲ.

ಆಸ್ಪತ್ರೆಯಲ್ಲಿ ಅವನನ್ನು ಕಂಡ ಕೂಡಲೇ ನಾಲ್ಕೈದು ಜನ ಓಡಿಬಂದು, ಎರಡೂ ಕೈಗೆ ಸೂಜಿ ಚುಚ್ಚಿ, ಹೊಟ್ಟೆಯ ಮೇಲೆ ಯಂತ್ರವೊಂದನ್ನು ಆಡಿಸಿ, ರಕ್ತ ತನ್ನಿ ರಕ್ತ ತನ್ನಿ ಎಂದು ಕೂಗುತ್ತ ಒಳಗೆ ತಳ್ಳಿಕೊಂಡು ಹೋದರು. ಬಾಗಿಲು ಮುಚ್ಚಿತು. ಮೇಸ್ತ್ರಿ ರಬ್ಬರ್ ಬೂಟಿನಲ್ಲೇ ಗೋಡೆ ಹಿಡಿದು ನಿಂತ. ಹೆಂಡತಿಗೆ ಫೋನ್ ಮಾಡಿ, "ಸ್ವಲ್ಪ ಪೆಟ್ಟಾಗಿದೆ, ಬಾ" ಎಂದ.

ಅವಳು ಬರುವುದಕ್ಕೆ ಮುಂಚೆಯೇ ಬಾಗಿಲು ತೆರೆಯಿತು. ಡಾಕ್ಟರಮ್ಮ ಹೊರಬಂದು, ಟೋಪಿ ತೆಗೆದು, ಅವನ ಪಕ್ಕದಲ್ಲಿ ಬೆಂಚಿನ ಮೇಲೆ ಕೂತರು. ಡಾಕ್ಟರು ಪಕ್ಕದಲ್ಲಿ ಕೂರುವುದೆಂದರೆ ಏನೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಎಡಪಕ್ಕೆ ಒಳಗೆ ಗುಲ್ಮ ಅಂತ ಒಂದು ಅಂಗ ಇರತ್ತೆ, ಅದು ಒಡೆದಿತ್ತು. ಅದರ ತುಂಬ ರಕ್ತ ಇರತ್ತೆ. ಹೊರಗೆ ಒಂದು ತೊಟ್ಟೂ ಬರ್ಲಿಲ್ಲ, ಎಲ್ಲಾ ಹೊಟ್ಟೆ ಒಳಗೇ ಸುರಿದುಹೋಗಿತ್ತು. ನಾವು ಹೊಟ್ಟೆ ಕುಯ್ಯೋ ಹೊತ್ತಿಗೆ ಹೃದಯಕ್ಕೆ ತಳ್ಳೋಕೆ ಏನೂ ಉಳಿದಿರ್ಲಿಲ್ಲ. ಇದಕ್ಕೆ ಶಾಕ್ ಅಂತೀವಿ."

"ಕರೆಂಟ್ ಹೊಡೀಲಿಲ್ಲ ಡಾಕ್ಟ್ರೇ" ಎಂದ ಮೇಸ್ತ್ರಿ, ಮಂಕಾಗಿ. "ಗಡ್ಡೆ ಬಡೀತು, ಅಷ್ಟೇ. ಎದ್ದು ನಿಂತ. ತಮಾಷೆ ಮಾಡ್ದ."

"ಮಾಡ್ತಾರೆ. ವಯಸ್ಸಿನ ಹುಡುಗರು ತುಂಬ ಹೊತ್ತು ತಡ್ಕೊಳ್ತಾರೆ, ಆಮೇಲೆ ಒಂದೇ ಸಲ ಕುಸೀತಾರೆ." ಅವರು ಬಿಡಿಸಿ ಹೇಳಿದರು, "ಮನೇಲಿ ನೀರು ಕಡಿಮೆ ಆದ್ರೆ ಗಿಡಕ್ಕೆ ಹಾಕೋದು ನಿಲ್ಸಿ ಕುಡಿಯೋಕೆ ಇಟ್ಕೊಳ್ತೀವಲ್ಲ, ದೇಹಾನೂ ಹಾಗೇ. ಕೈ ಕಾಲಿಂದ, ಚರ್ಮದಿಂದ ರಕ್ತ ಎಳ್ಕೊಂಡು ಎದೆಗೂ ಮಿದುಳಿಗೂ ಕೊಡತ್ತೆ. ಅದಕ್ಕೇ ಮೈ ಬಿಳಿಚಿಕೊಳ್ಳತ್ತೆ, ತಣ್ಣನೆ ಬೆವರು ಬರತ್ತೆ, ಬಾಯಾರತ್ತೆ. ಏನೋ ಹೆದರಿಕೆ, ಚಡಪಡಿಕೆ. ಮಿದುಳಿಗೂ ಸಾಲದೇ ಹೋದಾಗ ಸುಮ್ಮನಾಗ್ತಾರೆ. ಕೈ ತಣ್ಣಗಾಗಿದ್ದು ಯಾರೂ ನೋಡ್ಲಿಲ್ವಾ?"

"ನಮ್ಮಲ್ಲಿ ಎಲ್ಲರ ಕೈಯೂ ತಣ್ಣಗೇ ಇರತ್ತೆ ಡಾಕ್ಟ್ರೇ."

ಅವರಿಗೆ ಅರ್ಥವಾಗಲಿಲ್ಲ. ಅವನ ಕಾಲಿನ ಬೂಟು ನೋಡಿದರು, ಒದ್ದೆ ಅಂಗಿ ನೋಡಿದರು. ಆಮೇಲೆ ಅರ್ಥವಾಯಿತು. "ಕಂಬಳಿ ಹೊದಿಸಿ ಬೆಚ್ಚಗೆ ಇಟ್ಟಿದ್ದೆ" ಎಂದು ಮೇಸ್ತ್ರಿ ಸೇರಿಸಿದ, ಯಾರೋ ತೀರ್ಪು ಕೊಡಲಿರುವವರ ಮುಂದೆ ಹೇಳುವಂತೆ.

"ಹೊದಿಸಿದ್ದು ತಪ್ಪಲ್ಲ" ಎಂದರು ಅವರು. "ಕಾದಿದ್ದು..." ಎಂದು ಶುರುಮಾಡಿ, ಅವನ ಮುಖ ನೋಡಿ ಅಷ್ಟಕ್ಕೇ ನಿಲ್ಲಿಸಿದರು.

ಹೆಂಡತಿ ಬಂದಳು. ಅವಳ ಗೋಳನ್ನು ಇಲ್ಲಿ ಬರೆಯುವುದು ಬೇಡ. ಹೆತ್ತವಳಲ್ಲದೆಯೂ ಹೆತ್ತವಳಂತೆ ಅತ್ತಳು ಎಂದಷ್ಟೇ ಹೇಳಿದರೆ ಸಾಕು.

ಮುಂದಿನ ದಿನಗಳಲ್ಲಿ ಮನೆಗೆ ಬಂದವರೆಲ್ಲ ಅದೇ ಮಾತು ಹೇಳಿದರು. ಅವನ ಆಯಸ್ಸು ಅಷ್ಟೇ ಇತ್ತು. ಹಣೆಬರಹ ತಪ್ಪಿಸೋಕೆ ಯಾರಿಂದಾಗತ್ತೆ. ಮೇಸ್ತ್ರಿ, ನೀವು ಮಾಡೋದೆಲ್ಲ ಮಾಡಿದ್ರಿ. ಮೊದಮೊದಲು ಮೇಸ್ತ್ರಿಗೆ ಆ ಮಾತು ಕೇಳಿದರೆ ಮೈಮೇಲೆ ಕೆಂಡ ಸುರಿದಂತಾಗುತ್ತಿತ್ತು. ಆಮೇಲಾಮೇಲೆ, ನಾಚಿಕೆಯ ಸಂಗತಿ, ಅದರಲ್ಲೇ ಸ್ವಲ್ಪ ನೆರಳು ಸಿಗತೊಡಗಿತು. ಹೌದಲ್ಲ, ಯಾರಿಗೆ ಗೊತ್ತಾಗುತ್ತಿತ್ತು? ಡಾಕ್ಟರೇ ಹೇಳಿದರಲ್ಲ, ಹೊರಗೆ ಒಂದು ತೊಟ್ಟೂ ಬರಲಿಲ್ಲವೆಂದು. ಕಾರ್ಖಾನೆಯಲ್ಲಿ ಮಾತ್ರ ಅವನ ವರ್ತನೆ ವಿಚಿತ್ರವಾಯಿತು. ಯಾರಾದರೂ ಅಜ್ಜಿಗೋಡೆಗೆ ಒರಗಿದರೆ ಸಾಕು, ಎಲ್ಲ ಬಿಟ್ಟು ಬಂದು ಅವರ ಕೈ ಹಿಡಿದುಕೊಂಡು ನಿಲ್ಲುತ್ತಿದ್ದ, ಬೆಚ್ಚಗಾಗುವವರೆಗೆ ಬಿಡುತ್ತಿರಲಿಲ್ಲ. ವ್ಯಾನಿನವರು ಹಾರನ್ ಹೊಡೆದು ಹೊಡೆದು ಸುಮ್ಮನಾಗುತ್ತಿದ್ದರು. ಯಾರೂ ಅವನನ್ನು ಏನೂ ಕೇಳಲಿಲ್ಲ.

ಒಂದು ಸಂಜೆ ಹೆಂಡತಿ ಒಗೆದ ಬಟ್ಟೆ ಮಡಚುತ್ತ ಕೂತಿದ್ದಳು. ಮೇಸ್ತ್ರಿ ಎದುರಿಗೆ ಕೂತು ಕಾಲ್ಚೀಲಗಳ ಜೋಡಿ ಹುಡುಕುತ್ತಿದ್ದ. ತಮ್ಮನ ಅಂಗಿಯೊಂದು ಕೈಗೆ ಬಂತು. ಅವಳು ಅದನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದಳು.

"ನಿಮಗೊಂದು ವಿಷಯ ಹೇಳಿಲ್ಲ ನಾನು" ಎಂದಳು. "ಅವತ್ತು ಅವನು ನನಗೆ ಫೋನ್ ಮಾಡಿದ್ದ. ಬೆಂಚಿನ ಮೇಲೆ ಮಲಗಿದೀನಿ, ಏನೋ ಒಂಥರಾ ಆಗ್ತಿದೆ ಅಕ್ಕ ಅಂದ. ನಲ್ಲಿ ಬಂದಿತ್ತು, ನಾನು ನೀರು ಹಿಡೀತಿದ್ದೆ. ಭಾವ ಅಲ್ಲೇ ಇದಾರಲ್ಲ, ಅವರಿಗೆ ಹೇಳು, ನೋಡ್ಕೊಳ್ತಾರೆ ಅಂದೆ. ಹೂಂ, ಹೇಳ್ತೀನಿ ಅಂದ. ಫೋನ್ ಇಟ್ಟೆ."

ಮೇಸ್ತ್ರಿಯ ಕೈಯಲ್ಲಿದ್ದ ಕಾಲ್ಚೀಲ ಅಲ್ಲೇ ನಿಂತಿತು.

"ಆಮೇಲೆ ಎಷ್ಟೋ ಸಲ ಅಂದ್ಕೊಂಡೆ, ನಾನೇ ನಿಮಗೆ ಒಂದು ಫೋನ್ ಮಾಡ್ಬೇಕಿತ್ತು ಅಂತ. ಅವನು ಹೇಳ್ತಾನೆ ಅಂತ ನಂಬಿ ಕೂತೆ. ಅವನು ಯಾವತ್ತು ನೆಟ್ಟಗೆ ಮಾತಾಡಿದ್ದ ಹೇಳಿ? ನಿಮ್ಮ ಮುಂದೆ ಏನೋ ತಮಾಷೆ ಮಾಡಿ ನಗಿಸಿರ್ತಾನೆ, ಮುಂಡೇದು. ಬಾಯಿಬಿಟ್ಟು ಒಂದು ಮಾತು ಹೇಳಿದ್ರೆ ನೀವು ಹಾಗೇ ಬಿಟ್ಬಿಡ್ತಿದ್ರಾ? ಹೊತ್ಕೊಂಡಾದ್ರೂ ಓಡ್ತಿದ್ರಿ." ಅವಳು ಮೂಗು ಒರೆಸಿಕೊಂಡಳು. "ಹೇಳ್ಲೇ ಇಲ್ಲ ಅಲ್ವಾ ಅವನು ನಿಮಗೆ?"

ಅವಳ ಕಣ್ಣಲ್ಲಿ ಒಂದು ಬೇಡಿಕೆಯಿತ್ತು. ಇಲ್ಲ ಎಂದರೆ ಸಾಕಿತ್ತು. ಇಲ್ಲ ಕಣೇ, ಹೇಳಲಿಲ್ಲ. ಹಾಗೆಂದರೆ ಸತ್ತವನ ಮೊಂಡುತನಕ್ಕೆ ಇಬ್ಬರೂ ಸೇರಿ ಬೈದುಕೊಂಡು, ಇಬ್ಬರೂ ಸೇರಿ ಅತ್ತು, ಮುಂದಿನ ದಿನಗಳನ್ನು ಹೇಗೋ ತಳ್ಳಬಹುದಿತ್ತು. ಸತ್ತವನು ಬಂದು ಸುಳ್ಳೆನ್ನುವುದಿಲ್ಲ. ಮೇಸ್ತ್ರಿ ಬಾಯಿ ತೆರೆದ. ಆ ಎರಡಕ್ಷರ ನಾಲಿಗೆಯ ತುದಿಗೆ ಬಂದೂ ಬಂತು. ಆದರೆ ಆ ಮಧ್ಯಾಹ್ನ ಪಟಾಕಿ ಬದುಕಿನಲ್ಲಿ ಮೊದಲ ಸಲ ತಮಾಷೆ ಬಿಟ್ಟು ಒಂದು ನಿಜ ಹೇಳಿದ್ದ. ಅದನ್ನೂ ಸುಳ್ಳು ಮಾಡುವುದು ಮೇಸ್ತ್ರಿಯ ಕೈಲಾಗಲಿಲ್ಲ.

"ಹೇಳಿದ್ದ" ಎಂದ.

ಅವಳು ಅಂಗಿಯನ್ನು ತೊಡೆಯ ಮೇಲೆ ಇಟ್ಟಳು. "ಏನಂತ?"

"ಹೆದರಿಕೆ ಆಗ್ತಿದೆ ಭಾವ ಅಂದ. ನನ್ನ ತೋಳು ಹಿಡ್ಕೊಂಡು ಅಂದ."

ಪಕ್ಕದ ಮನೆಯಲ್ಲಿ ಯಾರೋ ಬಾಗಿಲು ಹಾಕಿಕೊಂಡರು. ಅವಳು ಅವನ ಮುಖದಿಂದ ಕಣ್ಣು ತೆಗೆಯಲಿಲ್ಲ.

"ನೀವೇನಂದ್ರಿ?"

"ನಕ್ಕೆ ಕಣೇ" ಎಂದ ಮೇಸ್ತ್ರಿ. "ನಾನು ನಕ್ಕೆ."

ಅವಳು ಎದ್ದಳು. ಮಡಚಿದ ಬಟ್ಟೆಗಳನ್ನೆಲ್ಲ ಎತ್ತಿಕೊಂಡು ಒಳಗಿನ ಕೋಣೆಗೆ ಹೋದಳು. ಮೇಸ್ತ್ರಿಯ ಅಂಗಿಗಳನ್ನು ಮಾತ್ರ ಅಲ್ಲೇ, ಅವನ ಎದುರಿಗೆ, ನೆಲದ ಮೇಲೆ ಬಿಟ್ಟು ಹೋದಳು.